ಅರ್ಧ ಕೆ.ಜಿ. ಬಟ್ಟು ಮಾಡಿದ ಫಜೀತಿ

ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಮೊನ್ನೆ ಸಂಜೆ ಈ ಅಂಕಣದವನನ್ನು ಕೈಹಿಡಿದು ಒಳಗೆ ಕೂರಿಸಿ, ಟೀ ತರಿಸಿ, ಗಿರಾಕಿ ಬಂದರೂ ಮೇಲೇಳದೆ ಒಂದು ಕಥೆ ಹೇಳಿದರು. ಮುಗಿಸಿದ ಮೇಲೆ, "ಬರೀರಿ ಸ್ವಾಮಿ, ಬೇಡ ಅನ್ನಲ್ಲ. ಆದ್ರೆ ಅಂಗಡಿ ಹೆಸರು ಮಾತ್ರ ಹಾಕ್ಬೇಡಿ" ಅಂದರು. ಹೆಸರು ಯಾಕೆ ಬೇಡ ಅಂದರು ಎಂಬುದು ಓದುತ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತದೆ. ನಾನು ಮಾತು ಕೊಟ್ಟಿದ್ದೇನೆ, ಉಳಿಸಿಕೊಂಡಿದ್ದೇನೆ.

ಯಜಮಾನರಿಗೆ ಒಬ್ಬಳೇ ಮಗಳು. ಎರಡನೇ ಪಿಯುಸಿ. ಅವಳಿಗೆ ಹತ್ತಿದ ಹುಚ್ಚು ಸಂಗೀತದ್ದಲ್ಲ, ಭರತನಾಟ್ಯದ್ದಲ್ಲ, ಪಿಸ್ತೂಲಿನದು. ಗಾಬರಿಯಾಗಬೇಡಿ. ಪೊಲೀಸರ ಸೊಂಟದಲ್ಲಿರುವ ಪಿಸ್ತೂಲಲ್ಲ ಇದು. ಗಾಳಿಯ ಒತ್ತಡದಲ್ಲಿ 4.5 ಮಿಲಿಮೀಟರಿನ ಸೀಸದ ಗುಂಡನ್ನು 10 ಮೀಟರ್ ದೂರದ ಗುರಿಹಲಗೆಗೆ ಹೊಡೆಯುವ ಏರ್ ಪಿಸ್ತೂಲು. ಒಲಿಂಪಿಕ್ಸಿನಲ್ಲಿ ಇರುವ ಆಟ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದೇ ಆಟದಲ್ಲಿ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಕಂಚು ತಂದದ್ದೂ ಇದರಲ್ಲೇ. ಆಮೇಲೆ ಊರೂರಲ್ಲಿ ಹುಡುಗ ಹುಡುಗಿಯರು 'ನನಗೂ ಒಂದು' ಅಂತ ಅಪ್ಪಂದಿರ ಕುತ್ತಿಗೆಗೆ ಬಿದ್ದರು. ನಮ್ಮ ಯಜಮಾನರ ಕುತ್ತಿಗೆಯೂ ಅದರಲ್ಲಿ ಒಂದು.

ಹೊಸದಕ್ಕೆ ಎರಡು ಲಕ್ಷದ ಆಸುಪಾಸು ಅಂದಾಗ ಯಜಮಾನರ ಎದೆ ಧಸಕ್ಕೆಂದಿತು. ಬೆಳೆ, ಬೆಲ್ಲ ಮಾರಿ ಎರಡು ಲಕ್ಷ ಉಳಿಯೋಕೆ ಎಷ್ಟು ಮೂಟೆ ಸಾಗಿಸಬೇಕು ಅಂತ ಅಂಗಡಿಯವರಿಗೆ ನಾನು ಹೇಳಬೇಕಿಲ್ಲ. ಕೊನೆಗೆ ಆಟ ಬಿಟ್ಟ ಒಬ್ಬ ಹುಡುಗನ ಹತ್ತಿರ ಸೆಕೆಂಡ್ ಹ್ಯಾಂಡ್ ಕೊಂಡರು. ಸಂಘದ ಚೀಟಿ ಎತ್ತಿ, ಮೇಲೆ ಸ್ವಲ್ಪ ಸಾಲ ಮಾಡಿ.

ಇಲ್ಲಿ ಒಂದು ಮಾತು, ಕೊಳ್ಳುವವರ ಉಪಯೋಗಕ್ಕೆ. 4.5 ಮಿ.ಮೀ. ನಳಿಕೆ ಮೀರದ, 20 ಜೌಲ್ ಶಕ್ತಿ ದಾಟದ ಗಾಳಿ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸು ಬೇಡ. ಸಿಡಿಮದ್ದಿನ ಗುಂಡು ಹಾರಿಸುವ .22 ಪಿಸ್ತೂಲಿಗೆ ಬೇಕೇ ಬೇಕು. ಎರಡನೆಯದು, ಹಳೇ ಪಿಸ್ತೂಲು ಕೊಳ್ಳುವಾಗ ನಳಿಕೆಯ ಕೆಳಗಿನ ಗಾಳಿ ಸಿಲಿಂಡರಿನ ಮೇಲೆ ಕೊರೆದಿರುವ ತಾರೀಖು ನೋಡಿ. ಅದರೊಳಗೆ 200 ಬಾರ್ ಒತ್ತಡ ಕೂತಿರುತ್ತದೆ. ಹತ್ತು ವರ್ಷ ದಾಟಿದ ಸಿಲಿಂಡರನ್ನು ಪಂದ್ಯಕ್ಕೆ ಒಯ್ಯುವ ಹಾಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ಜಾಣತನವಲ್ಲ. ಮನೆಯ ಗ್ಯಾಸ್ ಸಿಲಿಂಡರಿನ ತಾರೀಖು ನೋಡದವರು ಇದನ್ನಾದರೂ ನೋಡಿ.

ಎಡಕ್ಕೆ, ಕೆಳಕ್ಕೆ

ಪಿಸ್ತೂಲು ಬಂತು. ಪೂಜೆ ಆಯಿತು. ಹುಡುಗಿ ಹೊಡೆಯತೊಡಗಿದಳು. ಹೊಡೆದ ಗುಂಡೆಲ್ಲ ಎಡಕ್ಕೆ, ಕೆಳಕ್ಕೆ. ಸೈಟಿನ ತಿರುಪು ತಿರುಗಿಸಿ ಬಲಕ್ಕೆ ಮೇಲಕ್ಕೆ ತಂದರೆ ಎರಡು ದಿನ ಸರಿಹೋಗುತ್ತಿತ್ತು, ಮೂರನೇ ದಿನ ಮತ್ತೆ ಅದೇ ಮೂಲೆ. ಮೂರು ತಿಂಗಳು ಹೀಗೇ ನಡೆಯಿತು. ಹುಡುಗಿ ಊಟ ಬಿಟ್ಟಳು. ಯಜಮಾನರು ಪಿಸ್ತೂಲಿಗೇ ಏನೋ ಐಬಿದೆ, ಮೋಸ ಹೋದೆ ಅಂತ ಮಾರಿದ ಹುಡುಗನ ಮನೆಗೆ ಹೋಗಿ ಗಲಾಟೆ ಮಾಡಿ ಬಂದರು. ಆ ಹುಡುಗ ಬಂದು ಅದೇ ಪಿಸ್ತೂಲಿನಲ್ಲಿ ಹತ್ತು ಗುಂಡು ಹೊಡೆದ. ಏಳು ಗುಂಡು ಹತ್ತರ ವೃತ್ತಕ್ಕೇ ಬಿದ್ದವು. ಯಜಮಾನರು ತೆಪ್ಪಗಾದರು.

ಆಗ ನಡುವೆ ಬಂದವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ರಿಟೈರಾದವರು. ಎನ್‌ಸಿಸಿ ದಿನಗಳಿಂದ ಗುರಿ ಹೊಡೆಯುವ ಚಟ. ಈಗ ಒಂದು ಷೆಡ್ಡಿನಲ್ಲಿ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಾರೆ. ಅವರು ಪಿಸ್ತೂಲನ್ನು ನೋಡಲೇ ಇಲ್ಲವಂತೆ. ಹುಡುಗಿಯ ಅಂಗೈ ನೋಡಿದರು. ಪಿಸ್ತೂಲಿನ ಮರದ ಹಿಡಿ ನೋಡಿದರು. "ಯಜಮಾನ್ರೇ, ನಿಮ್ಮ ಚಪ್ಲಿ ನಂಬರ್ ಎಷ್ಟು?" ಅಂತ ಕೇಳಿದರು. ಒಂಬತ್ತು ಅಂದರು. "ಮಗಳದ್ದು?" ಐದು. "ನಿಮ್ಮ ಚಪ್ಲಿ ಹಾಕ್ಕೊಂಡು ಓಡು ಅಂದ್ರೆ ಅವಳು ಓಡ್ತಾಳೇನ್ರೀ?"

ವಿಷಯ ಇಷ್ಟೇ. ಪಂದ್ಯದ ಪಿಸ್ತೂಲಿನ ಹಿಡಿ, ಶೂಟರುಗಳ ಬಾಯಲ್ಲಿ ಗ್ರಿಪ್ಪು, ಬೆರಳಿನ ಸಂದು ಸಂದಿಗೂ ಉಬ್ಬು ತಗ್ಗು ಇರುವಂತೆ ಕೆತ್ತಿದ ವಾಲ್‌ನಟ್ ಮರದ್ದು. ಅದು ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ರೆಡಿಮೇಡ್ ಅಂಗಿಯ ಹಾಗೆ ಬರುತ್ತದೆ. ಎಡಗೈಗೆ ಬೇರೆ, ಬಲಗೈಗೆ ಬೇರೆ. ಹುಡುಗನದು ದೊಡ್ಡ ಕೈ. ಹುಡುಗಿಯದು ಪುಟ್ಟ ಕೈ. ಅವಳ ತೋರುಬೆರಳು ಟ್ರಿಗರಿಗೆ ಎಟುಕಬೇಕಾದರೆ ಇಡೀ ಅಂಗೈ ಒಂದಿಷ್ಟು ತಿರುಗಬೇಕಿತ್ತು. ತಿರುಗಿದ ಕೈ ಟ್ರಿಗರನ್ನು ನೇರ ಹಿಂದಕ್ಕೆ ಒತ್ತುವುದಿಲ್ಲ, ಓರೆಯಾಗಿ ತಳ್ಳುತ್ತದೆ. ಜೊತೆಗೆ ಬೆರಳಿನ ಬುಡ ಮರಕ್ಕೆ ತಾಗಿ ಅದೂ ಒಂದು ದೂಕು ಕೊಡುತ್ತದೆ. ಗುಂಡು ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಒಂದು ಮಿಲಿಮೀಟರಿನ ಲೆಕ್ಕ

"ಅಷ್ಟಕ್ಕೇ ಅಷ್ಟು ದೂರ ಹೋಗ್ತದಾ?" ಅಂತ ಯಜಮಾನರಿಗೆ ನಂಬಿಕೆ ಬರಲಿಲ್ಲ. ನನಗೂ ಬಂದಿರಲಿಲ್ಲ. ಮೇಷ್ಟ್ರು ಬಿಲ್ ಪುಸ್ತಕದ ಹಿಂಬದಿಯಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಲೆಕ್ಕ ಬಲ್ಲ ಅಂಗಡಿಯವರು ತಾವೇ ಹಾಕಿ ನೋಡಿ.

ಪಿಸ್ತೂಲಿನ ಮೇಲೆ ಎರಡು ಸೈಟು. ಹಿಂದಿನದರಲ್ಲಿ ಚೌಕ ಕಚ್ಚು, ಮುಂದಿನದು ಒಂದು ಕಂಬ. ಕಂಬವು ಕಚ್ಚಿನ ನಟ್ಟನಡುವೆ, ಎರಡೂ ಕಡೆ ಸಮನಾಗಿ ಬೆಳಕು ಕಾಣುವಂತೆ ನಿಲ್ಲಬೇಕು. ಎರಡರ ನಡುವಿನ ದೂರ ಸುಮಾರು 33 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಗುರಿಹಲಗೆ 10 ಮೀಟರ್ ದೂರ, ಅಂದರೆ ಅದರ 30 ಪಟ್ಟು. ಕಂಬ ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರ್ ಎಡಕ್ಕೆ ವಾಲಿದರೆ ಗುಂಡು 30 ಮಿಲಿಮೀಟರ್ ಎಡಕ್ಕೆ ಬೀಳುತ್ತದೆ. ಹತ್ತರ ವೃತ್ತದ ಅಗಲವೇ 11.5 ಮಿ.ಮೀ. ಹತ್ತು ಹೋಯಿತು, ಒಂಬತ್ತೂ ಹೋಯಿತು, ಎಂಟೂ ಹೋಗಿ ಏಳರ ಅಂಚಿನಲ್ಲಿ ತೂತು.

ಇನ್ನೊಂದು ತಮಾಷೆ ನೋಡಿ. ಸೈಟುಗಳು ನೇರವಾಗೇ ಇದ್ದು ಇಡೀ ತೋಳೇ ನಡುಗಿ 5 ಮಿಲಿಮೀಟರ್ ಪಕ್ಕಕ್ಕೆ ಸರಿದರೆ? ಗುಂಡೂ 5 ಮಿಲಿಮೀಟರ್ ಪಕ್ಕಕ್ಕೆ, ಅಷ್ಟೇ. ಗುಂಡಿನ ಅಂಚು ವೃತ್ತದ ಗೆರೆ ಮುಟ್ಟಿದರೂ ಸಾಕಾದ್ದರಿಂದ ಅದು ಇನ್ನೂ ಹತ್ತೇ. ಅಂದರೆ ಕೈ ನಡುಗುವುದು ಅಂಥಾ ದೊಡ್ಡ ಪಾಪವಲ್ಲ. ಮನುಷ್ಯರ ಕೈ ನಡುಗಿಯೇ ನಡುಗುತ್ತದೆ. ಮಣಿಕಟ್ಟು ಒಂದು ಕೂದಲಷ್ಟು ವಾಲುವುದು ಪಾಪ. ಗ್ರಿಪ್ಪಿನ ಕೆಲಸವೇ ಆ ವಾಲುವುದನ್ನು ತಡೆಯುವುದು.

ಮಡಿಕೇರಿ ಬಸ್ಸಿನಲ್ಲಿ ಓಡಾಡುವ ನನ್ನ ಸ್ನೇಹಿತರೊಬ್ಬರಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. ಕೊಡಗಿನವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ ನೋಡಿ ಬೆಳೆದವರು. "ಕಾಯಿ ಒಡೆಯೋಕೆ ಇಷ್ಟೆಲ್ಲ ಲೆಕ್ಕ ಬೇಕಾ ಮಾರಾಯ್ರೆ?" ಅಂದರು. ಸರಿ. ಆದರೆ ಕೋವಿಗೆ ಹೆಗಲಿದೆ, ಕೆನ್ನೆಯಿದೆ, ಎರಡು ಕೈಯಿದೆ. ಈ ಪಿಸ್ತೂಲಿಗೆ ಚಾಚಿದ ಒಂದೇ ಒಂದು ಕೈ. ಪಿಸ್ತೂಲಿನ ತೂಕ ಹೆಚ್ಚುಕಡಿಮೆ ಒಂದು ಉಪ್ಪಿನ ಪ್ಯಾಕೆಟ್ಟಿನಷ್ಟು. ಒಂದು ಪ್ಯಾಕೆಟ್ ಉಪ್ಪನ್ನು ತೋಳು ನೀಟವಾಗಿ ಚಾಚಿ ಹಿಡಿದು ಹತ್ತು ಎಣಿಸಿ ನೋಡಿ. ಆಮೇಲೆ ಅದನ್ನೇ ಅರವತ್ತು ಸಲ ಮಾಡಿ. ಪಂದ್ಯ ಅಂದರೆ 60 ಗುಂಡು, ಒಂದೂಕಾಲು ಗಂಟೆ.

ಪ್ಯಾರಿಸ್ಸಿನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಒಂದು ಕೈ ಜೇಬಿನಲ್ಲಿಟ್ಟುಕೊಂಡು, ಮಾಮೂಲಿ ಕನ್ನಡಕ ಹಾಕಿಕೊಂಡು, ಸಂತೆಗೆ ಬಂದವರ ಹಾಗೆ ನಿಂತು ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದ ಫೋಟೋ ನಿಮ್ಮೆಲ್ಲರ ಮೊಬೈಲಿಗೂ ಬಂದಿರುತ್ತದೆ. ಅದನ್ನು ತೋರಿಸಿ "ನೋಡ್ರೀ, ಏನೂ ಇಲ್ದೆ ಗೆದ್ದ" ಅನ್ನುವವರಿದ್ದಾರೆ. ಏನೂ ಇಲ್ಲದೆ ಅಲ್ಲ. ಎಲ್ಲ ಶೂಟರುಗಳೂ ಇನ್ನೊಂದು ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುತ್ತಾರೆ, ಮೈ ಅಲ್ಲಾಡಬಾರದು ಅಂತ. ಇನ್ನು ಆತನ ಬಲಗೈಯಲ್ಲಿದ್ದದ್ದು ಪಕ್ಕಾ ಪಂದ್ಯದ ಪಿಸ್ತೂಲು, ಅಂಗೈಗೆ ಹೊಂದುವ ಮರದ ಗ್ರಿಪ್ಪಿನದು. ಜನ ಕನ್ನಡಕ ನೋಡಿದರು, ಕೈ ನೋಡಲಿಲ್ಲ.

ಮಂಡಿ ಮೊಹಲ್ಲಾದ ಉಸ್ತಾದ್

ಹುಡುಗಿಯ ಕೈಗೆ ಗ್ರಿಪ್ಪು ಹೊಂದಿಸಬೇಕು. ವಿದೇಶಕ್ಕೆ ಕೈಯ ನಕ್ಷೆ ಬರೆದು ಕಳಿಸಿದರೆ ಹೊಸದು ಕೆತ್ತಿ ಕಳಿಸುವವರಿದ್ದಾರೆ. ಅದರ ಖರ್ಚು ಕೇಳಿ ಯಜಮಾನರು ಕೈಮುಗಿದರು. ಮೇಷ್ಟ್ರು ಅಂದರು, "ಮೈಸೂರಲ್ಲಿ ಕೂತ್ಕೊಂಡು ಮರಗೆಲಸಕ್ಕೆ ಪರದೇಶಕ್ಕೆ ಹೋಗೋದೇನ್ರೀ? ಬನ್ನಿ."

ಮಂಡಿ ಮೊಹಲ್ಲಾ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಹೆಸರಾದ ಜಾಗ. ಆನೆ, ಅಂಬಾರಿ, ತೆಂಗಿನ ತೋಟ ಎಲ್ಲವನ್ನೂ ಬಣ್ಣಬಣ್ಣದ ಮರದ ಚೂರು ಕೂರಿಸಿ ಮಾಡುವವರು ಇಂದಿಗೂ ಇದ್ದಾರೆ. ಅಂಥ ಒಬ್ಬ ಉಸ್ತಾದರ ಮನೆಗೆ ಮೂವರೂ ಹೋದರು. ಉಸ್ತಾದರು ಜೀವಮಾನದಲ್ಲಿ ಪಿಸ್ತೂಲು ಮುಟ್ಟಿದವರಲ್ಲ. ಮೊದಲು ಒಲ್ಲೆ ಅಂದರು. ಮೇಷ್ಟ್ರು ಗ್ರಿಪ್ಪಿನ ತಿರುಪು ಬಿಚ್ಚಿ ಬರೀ ಮರ ಕೈಗಿಟ್ಟ ಮೇಲೆ ಕಣ್ಣು ಸಣ್ಣಗೆ ಮಾಡಿ ತಿರುಗಿಸಿ ತಿರುಗಿಸಿ ನೋಡಿ, "ಕಾಶ್ಮೀರದಲ್ಲಿ ಆಗೋ ಅಕ್ರೋಟ್ ಜಾತಿ ಮರಾನೇ ಇದು. ಬೀಟೆಗಿಂತ ಮೆತ್ತಗೆ. ಮಾಡೋಣ, ಆದ್ರೆ ಅವಸರ ಮಾಡ್ಬಾರ್ದು" ಅಂದರಂತೆ.

ಅವರು ಮಾಡಿದ ರೀತಿಯನ್ನು ಯಜಮಾನರು ವರ್ಣಿಸುವಾಗ ನಾನು ಟೀ ಆರಲು ಬಿಟ್ಟೆ. ಹುಡುಗಿಯ ಅಂಗೈಗೆ ಸೀಮೆಸುಣ್ಣದ ಪುಡಿ ಬಳಿದರು. ಗ್ರಿಪ್ಪನ್ನು ಮತ್ತೆ ಪಿಸ್ತೂಲಿಗೆ ಕೂರಿಸಿ, ಗುಂಡೂ ಗಾಳಿಯೂ ಇಲ್ಲದ ಪಿಸ್ತೂಲನ್ನು ಗೋಡೆಯ ಕಡೆ ಎತ್ತಿ ಹಿಡಿಯಲು ಹೇಳಿದರು. ಇಳಿಸಿದ ಮೇಲೆ ನೋಡಿದರೆ ಕರಿ ಮರದ ಮೇಲೆ ಬಿಳಿ ಗುರುತು. ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಮರ ಕೈಯನ್ನು ಒತ್ತುತ್ತಿದೆ. ಎಲ್ಲಿ ಗುರುತೇ ಇಲ್ಲವೋ ಅಲ್ಲಿ ಕೈಗೆ ಆಸರೆ ಇಲ್ಲ, ಪೊಳ್ಳು. ಹುಡುಗಿಯ ಅಂಗೈ ನಡುವೆ ಪೂರ್ತಿ ಪೊಳ್ಳು.

ಮೇಷ್ಟ್ರಿಗೆ ಅರ ಹಿಡಿದು ಉಜ್ಜುವ ಆತುರ. ಉಸ್ತಾದರು ತಡೆದರು. "ಮೊದ್ಲು ಸೇರಿಸ್ಬೇಕು ಸಾಬ್. ಸೇರಿಸಿದ್ದನ್ನ ತೆಗೀಬಹುದು. ಕೆತ್ತಿದ್ದು ವಾಪಸ್ ಬರಲ್ಲ." ಫೆವಿಕಾಲಿಗೆ ಮರದ ಹೊಟ್ಟು ಕಲಸಿ ತುಂಬುವುದು ಬಡಗಿಗಳ ಮಾಮೂಲು ಪದ್ಧತಿ. ಆದರೆ ಅದು ಒಣಗಿದ ಮೇಲೆ ಕುಗ್ಗುತ್ತದೆ. ಅದಕ್ಕೇ ಎಂ-ಸೀಲ್ ತರಿಸಿದರು. ನಲ್ಲಿ ಸೋರಿದರೆ ಮೆತ್ತುತ್ತೇವಲ್ಲ, ಅದೇ. ಎರಡು ಬಗೆ ಹಿಟ್ಟು ಕಲಸಿ ಪೊಳ್ಳಿದ್ದ ಕಡೆ ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಹುಡುಗಿಗೆ ಹಿಡಿದು ನಿಲ್ಲು ಅಂದರು. ಅದು ಗಟ್ಟಿಯಾಗುವಾಗ ಅವಳ ಅಂಗೈಯ ಅಚ್ಚು ಹಾಗೇ ಮೂಡಿತು. ಮಾರನೆಯ ದಿನದಿಂದ ಉಜ್ಜುವ ಕೆಲಸ. ದಿನಕ್ಕೆ ಒಂದಿಷ್ಟೇ. ಬೆಳಿಗ್ಗೆಯ ಕೈ ಬೇರೆ, ದಣಿದ ಸಂಜೆಯ ಕೈ ಬೇರೆ ಅಂತ ಎರಡು ಹೊತ್ತೂ ಕರೆಸಿ ನೋಡಿದರಂತೆ. ತೋರುಬೆರಳಿನ ಬುಡಕ್ಕೂ ಮರಕ್ಕೂ ನಡುವೆ ಒಂದು ಪೋಸ್ಟ್ ಕಾರ್ಡು ಸಲೀಸಾಗಿ ಆಡುವಷ್ಟು ಸಂದು ಬಿಡಿಸಿದರು. ಹೆಬ್ಬೆರಳ ತಗ್ಗು ಆಳ ಮಾಡಿದರು.

ಅಂಗೈಯ ಅಡಿಗೆ ಒಂದು ಮರದ ತಟ್ಟೆ ಇರುತ್ತದೆ, ಪಾಮ್ ಶೆಲ್ಫ್ ಅಂತಾರೆ. ಮೇಲೆ ಕೆಳಗೆ ಸರಿಸಿ ಬಿಗಿ ಮಾಡಬಹುದು. ಹೊಸಬರು ಅದನ್ನು ಕೈ ನೀಲಿಗಟ್ಟುವಷ್ಟು ಬಿಗಿ ಮಾಡುತ್ತಾರೆ. ಅದು ಅಂಗೈಗೆ ತಾಗಿಯೂ ತಾಗದ ಹಾಗಿರಬೇಕು ಅನ್ನುವುದು ಮೇಷ್ಟ್ರ ಮತ. ನಿಯಮದ ಪ್ರಕಾರ ಆ ತಟ್ಟೆ ಮೇಲಕ್ಕೆ ಬಾಗಿ ಕೈಯನ್ನು ಬಳಸಬಾರದು. ಮಣಿಕಟ್ಟಿಗೆ ಯಾವ ಆಸರೆಯೂ ಸಿಗಕೂಡದು. ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯೊಳಗೆ ಕೂರಬೇಕು, ತೂಕ ಒಂದೂವರೆ ಕಿಲೋ ಮೀರಬಾರದು. ಎಂ-ಸೀಲ್ ಮೆತ್ತುವ ಹುಮ್ಮಸ್ಸಿನಲ್ಲಿ 50 ಮಿ.ಮೀ. ದಾಟಿಸಿದರೆ ಪಂದ್ಯದ ಬಾಗಿಲಲ್ಲೇ ವಾಪಸ್.

ಕೈಗೆ ಕೈಯೇ ಬೇರೆ ಎಂಬುದಕ್ಕೆ ಮೇಷ್ಟ್ರು ಮಕ್ಕಳಿಗೆ ಯಾವಾಗಲೂ ಹೇಳುವ ಕಥೆ ಒಂದಿದೆ. ಹಂಗೇರಿಯ ಸೈನಿಕ ಕಾರೋಲಿ ಟಕಾಚ್. 1938ರಲ್ಲಿ ಗ್ರೆನೇಡ್ ಸಿಡಿದು, ಗುರಿ ಹೊಡೆಯುತ್ತಿದ್ದ ಬಲಗೈಯೇ ಛಿದ್ರವಾಯಿತು. ಆತ ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಮಾಡಿ 1948ರ ಲಂಡನ್, 1952ರ ಹೆಲ್ಸಿಂಕಿ ಎರಡೂ ಒಲಿಂಪಿಕ್ಸಿನಲ್ಲಿ ರ್‍ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದ.

ಹದಿನೈದು ದಿನ ಕಳೆದ ಮೇಲೆ ಪರೀಕ್ಷೆ. "ಕಣ್ ಮುಚ್ಚಮ್ಮ. ಪಿಸ್ತೂಲ್ ಎತ್ತು. ಈಗ ಕಣ್ ಬಿಡು. ಮುಂದಿನ ಕಂಬ ಎಲ್ಲಿದೆ?" "ನಡುವೇನೇ ಇದೆ ಮೇಷ್ಟ್ರೇ!" ಹತ್ತು ಸಲ ಎತ್ತಿದಳು, ಎಂಟು ಸಲ ನಡುವೆಯೇ ಇತ್ತು. ಉಸ್ತಾದರು ಕೂಲಿ ಎಂದು ಹೇಳಿದ್ದು ಎಂಟುನೂರು ರೂಪಾಯಿ. ಯಜಮಾನರು ಸಾವಿರ ಕೊಟ್ಟು, ಒಂದು ಕಿಲೋ ಬಾದಾಮಿ ಕಟ್ಟಿಸಿ ಕೊಟ್ಟರು. ಎರಡು ಲಕ್ಷದ ಹೊಸ ಪಿಸ್ತೂಲಿನ ಮಾತು ಮನೆಯಲ್ಲಿ ನಿಂತುಹೋಯಿತು.

ಇಲ್ಲಿಗೆ ಕಥೆ ಸುಖಾಂತ ಆಗಬೇಕಿತ್ತು. ಆದರೆ ಯಜಮಾನರು ನನ್ನನ್ನು ಕೂರಿಸಿಕೊಂಡದ್ದು ಬಾದಾಮಿ ಕೊಟ್ಟ ಕಥೆ ಹೇಳೋಕಲ್ಲ.

500 ಗ್ರಾಂ ಎಂಬ ಕಾನೂನು

10 ಮೀಟರ್ ಏರ್ ಪಿಸ್ತೂಲಿನ ಟ್ರಿಗರಿಗೆ ಒಂದು ಕಾನೂನಿದೆ. 500 ಗ್ರಾಂಗಿಂತ ಕಡಿಮೆ ಒತ್ತಡಕ್ಕೆ ಅದು ಬಿಡಬಾರದು. ಪರೀಕ್ಷೆ ಬಲು ಸುಲಭ. ನಳಿಕೆ ನೆಟ್ಟಗೆ ಆಕಾಶ ನೋಡುವಂತೆ ಪಿಸ್ತೂಲು ಹಿಡಿದು, ಟ್ರಿಗರಿಗೆ 500 ಗ್ರಾಂ ತೂಕ ಸಿಕ್ಕಿಸಿ ಮೇಜಿನಿಂದ ಮೇಲಕ್ಕೆ ಎತ್ತುವುದು. ತೂಕ ಮೇಲೆದ್ದರೆ ಪಾಸು. ಎತ್ತುವಾಗ ಟ್ರಿಗರ್ ಟಕ್ಕೆಂದು ಬಿಟ್ಟುಕೊಂಡರೆ ಫೇಲು. ಮೂರು ಸಲ ಅವಕಾಶ. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು ಅಂಗಡಿಗೆ ಬಂದರೆ ನಮ್ಮವರ ಮುಖ ಹೇಗಾಗುತ್ತದೋ, ಪಂದ್ಯದ ತೂಕದ ಮೇಜಿನ ಮುಂದೆ ಶೂಟರುಗಳ ಮುಖವೂ ಹಾಗೇ.

ಹಾಗಾದರೆ ಬೇಕಾದಷ್ಟು ಭಾರ ಇಟ್ಟುಕೊಳ್ಳಬಹುದಲ್ಲ? ಇಟ್ಟುಕೊಳ್ಳಬಹುದು. ಆದರೆ ಟ್ರಿಗರ್ ಭಾರವಾದಷ್ಟೂ ಬೆರಳಿನ ಜೊತೆ ಅಂಗೈಯೂ ಬಿಗಿಯುತ್ತದೆ, ಸೈಟು ವಾಲುತ್ತದೆ. ಆದ್ದರಿಂದ ಎಲ್ಲರೂ 500ರ ಗೆರೆಯ ಹತ್ತಿರಕ್ಕೇ ಬಂದು ನಿಲ್ಲುತ್ತಾರೆ. ಟ್ರಿಗರ್ ಎರಡು ಹಂತದಲ್ಲಿ ಬರುತ್ತದೆ. ಮೊದಲ ಹಂತ ಸ್ಪ್ರಿಂಗಿನಂತೆ ಹಿಂದಕ್ಕೆ ಸರಿದು ಒಂದು ಗೋಡೆಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಒತ್ತಿದರೆ ಗುಂಡು. ಒಟ್ಟು ಭಾರದ ಹೆಚ್ಚು ಪಾಲನ್ನು ಮೊದಲ ಹಂತಕ್ಕೆ ಹಾಕಿ, ಎರಡನೆಯದಕ್ಕೆ ನೂರು ನೂರಿಪ್ಪತ್ತು ಗ್ರಾಂ ಉಳಿಸಿಕೊಳ್ಳುವವರು ಬಹಳ. ತಕ್ಕಡಿ ಸಮಕ್ಕೆ ಬಂದು ನಿಂತಾಗ ನಾಲ್ಕು ಕಾಳು ಸಕ್ಕರೆ ಉದುರಿಸಿದರೆ ತಟ್ಟೆ ಇಳಿಯುತ್ತಲ್ಲ, ಹಾಗೆ.

ಇದಕ್ಕೆಲ್ಲ ಸಣ್ಣ ಸಣ್ಣ ತಿರುಪುಗಳಿವೆ. ಒಂದು ಸಲಕ್ಕೆ ಒಂದೇ ತಿರುಪು, ಅದೂ ಕಾಲು ಸುತ್ತು, ತಿರುಗಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು ಎನ್ನುವುದು ಮೇಷ್ಟ್ರ ಕಟ್ಟಪ್ಪಣೆ. ಒಳಗಿನ ಉಕ್ಕಿನ ಕಚ್ಚುಗಳಿಗೆ ಅರ ಹಾಕುವುದು, ಸ್ಪ್ರಿಂಗ್ ಕತ್ತರಿಸುವುದು ಮಾತ್ರ ಕೂಡದು. ಹಾಗೆ ಮಾಡಿದ ಪಿಸ್ತೂಲು ಮೇಜಿನ ಮೇಲೆ ಕುಕ್ಕಿದರೂ ಹಾರಬಹುದು. ಮೇಷ್ಟ್ರು ಟ್ರಿಗರನ್ನು 530 ಗ್ರಾಂ ಸುಮಾರಿಗೆ ನಿಲ್ಲಿಸಿ, "ಮೂವತ್ತು ಗ್ರಾಂ ದೇವರ ಪಾಲು, ಮುಟ್ಬೇಡಿ" ಅಂದಿದ್ದರು.

ಮುಟ್ಟಿದರು. ಪಂದ್ಯದ ಹಿಂದಿನ ರಾತ್ರಿ ಹುಡುಗಿಗೆ ಟ್ರಿಗರ್ ಭಾರ ಅನ್ನಿಸಿತು. ಅಪ್ಪ ಮಗಳು ಕೂತು ತಿರುಪು ಸಡಿಲಿಸಿದರು. ತೂಕ ನೋಡಬೇಕಲ್ಲ? ಯಜಮಾನರು ಅಟ್ಟದಿಂದ ತಮ್ಮ ತಂದೆಯ ಕಾಲದ ಅರ್ಧ ಕೆ.ಜಿ. ಕಬ್ಬಿಣದ ಬಟ್ಟು ತಂದರು. ಈಗ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ, ಆದರೂ ಹಳೇ ಬಟ್ಟುಗಳನ್ನು ಆಯುಧಪೂಜೆಗೆ ಅಂತ ಇಟ್ಟುಕೊಂಡಿದ್ದಾರೆ. ಬಟ್ಟಿಗೆ ತಂತಿ ಸುತ್ತಿ ಕೊಕ್ಕೆ ಮಾಡಿ ಟ್ರಿಗರಿಗೆ ನೇತುಹಾಕಿದರು. ಬಟ್ಟು ಎದ್ದಿತು. ಇನ್ನೊಂದು ಎಳೆ ಸಡಿಲಿಸಿದರು. ಆಗಲೂ ಎದ್ದಿತು. ಇನ್ನೊಂದು ಎಳೆಗೆ ಟಕ್ಕೆಂದಿತು. ಅರ್ಧ ಎಳೆ ಹಿಂದಕ್ಕೆ ಬಿಗಿದು, "ಸರಿಯಾಗಿ ಐನೂರಕ್ಕೆ ನಿಲ್ಸಿದೀನಿ ಕಣಮ್ಮ" ಅಂತ ಯಜಮಾನರು ಮಲಗಿದರು.

ಮಾರನೆಯ ದಿನ ಹುಡುಗಿ ತನ್ನ ಜೀವನದಲ್ಲೇ ಚೆನ್ನಾಗಿ ಹೊಡೆದಳು. 600ಕ್ಕೆ 549. ಮೂರನೇ ಸ್ಥಾನ. ಯಜಮಾನರು ಆಗಲೇ ಮನೆಗೆ ಫೋನ್ ಮಾಡಿ ಮೈಸೂರು ಪಾಕಿಗೆ ಹೇಳಿಬಿಟ್ಟಿದ್ದರು. ಪಂದ್ಯ ಮುಗಿದ ಮೇಲೆ ಚೀಟಿ ಎತ್ತಿ ಕೆಲವರ ಟ್ರಿಗರ್ ಪರೀಕ್ಷೆ ಮಾಡುವ ಪದ್ಧತಿ. ಇವಳ ಹೆಸರು ಬಂತು. ಒಂದು ಸಲ, ಟಕ್. ಎರಡನೇ ಸಲ, ಟಕ್. ಮೂರನೇ ಸಲ ತೂಕ ಮೇಜಿನಿಂದ ಒಂದು ಬೆರಳಷ್ಟು ಎದ್ದಿತ್ತಂತೆ, ಆಮೇಲೆ ಟಕ್. ಪಟ್ಟಿಯಿಂದ ಹೆಸರು ಹೊಡೆದರು.

ಯಜಮಾನರು ಬಿಡುತ್ತಾರೆಯೇ? ನಿಮ್ಮ ತೂಕವೇ ಸುಳ್ಳು, ನಾನು ನಲವತ್ತು ವರ್ಷದಿಂದ ತಕ್ಕಡಿ ಹಿಡಿದವನು, ನನಗೆ ಹೇಳ್ತೀರಾ ಅಂತ ಎಲ್ಲರ ಎದುರು ಕೂಗಾಡಿದರು. ಪಂದ್ಯದವರು ಮರುಮಾತಾಡದೆ ತಮ್ಮ ತೂಕದ ಮೇಲಿನ ಮುದ್ರೆ ತೋರಿಸಿದರು. ಯಜಮಾನರು ಮಗಳನ್ನು ಬಸ್ಸಿಗೂ ಕಾಯದೆ ಆಟೋದಲ್ಲಿ ನೇರ ಅಂಗಡಿಗೆ ಕರೆತಂದು, ಷಟರ್ ಎತ್ತಿ, ಬಟ್ಟನ್ನು ತಂದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟರು.

ತಂತಿ ಸಮೇತ 491 ಗ್ರಾಂ.

ಮಗುಚಿ ನೋಡಿದರು. ಕಬ್ಬಿಣದ ಬಟ್ಟಿನ ತಳದಲ್ಲಿ ಒಂದು ತೂತಿರುತ್ತದೆ, ಅದಕ್ಕೆ ಸೀಸ ತುಂಬಿ ತೂಕ ಸರಿಮಾಡಿ ಸರಕಾರದ ಮುದ್ರೆ ಒತ್ತಿರುತ್ತಾರೆ. ಹಳಬರಿಗೆ ಗೊತ್ತು. ಆ ತೂತು ಖಾಲಿ ಇತ್ತು. ಸೀಸವೂ ಇಲ್ಲ, ಮುದ್ರೆಯೂ ಇಲ್ಲ.

"ಮಗಳು ಏನಂದಳು?" ಅಂತ ಕೇಳಿದೆ.

"ಏನೂ ಅನ್ನಲಿಲ್ಲ ಸ್ವಾಮಿ. ಸುಮ್ನೆ ನೋಡ್ತಾ ನಿಂತಿದ್ಲು. ಆಮೇಲೆ ಒಂದ್ ಮಾತ್ ಕೇಳಿದ್ಲು, 'ಅಪ್ಪಾಜಿ, ತಾತ ಇದರಲ್ಲೇ ತೂಗ್ತಿದ್ರಾ?' ಅಂತ."

ಯಜಮಾನರು ಏನು ಉತ್ತರ ಕೊಟ್ಟರು ಅಂತ ನಾನು ಕೇಳಲಿಲ್ಲ. ಸೀಸ ಅಟ್ಟದಲ್ಲಿ ಬಿದ್ದು ಉದುರಿತೋ, ಅದಕ್ಕೂ ಮೊದಲೇ ಉದುರಿತ್ತೋ, ಅದನ್ನು ಹೇಳಬಲ್ಲವರು ತೀರಿಹೋಗಿ ಬಹಳ ವರ್ಷ ಆಗಿದೆ. ಆ ಅಂಗಡಿಯಲ್ಲಿ ಮೂರು ತಲೆಮಾರಿನಿಂದ ಸಾಮಾನು ತರುತ್ತಿರುವ ಮನೆಗಳಿವೆ. ಹೆಸರು ಬೇಡ ಅಂದದ್ದು ಇದಕ್ಕೆ.

ಹುಡುಗಿ ಒಂದು ವಾರ ಪಿಸ್ತೂಲು ಮುಟ್ಟಲಿಲ್ಲ. ಮೇಷ್ಟ್ರು ಮನೆಗೇ ಬಂದರು. ಬೈಯಲಿಲ್ಲವಂತೆ. ಮನು ಭಾಕರ್ ವಿಷಯ ಹೇಳಿದರಂತೆ. 2021ರ ಜುಲೈನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಪಂದ್ಯದ ನಡುವೆ ಅವಳ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿಯಿತು. ರಿಪೇರಿಗೆ ಕಾಲು ಗಂಟೆಗೂ ಮೀರಿ ಹೊತ್ತು ಹೋಯಿತು, ಗಡಿಯಾರ ಮಾತ್ರ ನಿಲ್ಲಲಿಲ್ಲ. ವಾಪಸ್ ಬಂದು ಉಳಿದ ಗುಂಡು ಹೊಡೆದು 575 ತೆಗೆದು 12ನೇ ಸ್ಥಾನ. ಎರಡೇ ಎರಡು ಪಾಯಿಂಟಿಗೆ ಫೈನಲ್ ತಪ್ಪಿತು. ಅದೇ ಹುಡುಗಿ ಮೂರು ವರ್ಷಕ್ಕೆ ಪ್ಯಾರಿಸ್ಸಿನಲ್ಲಿ ಒಂದಲ್ಲ, ಎರಡು ಕಂಚು ಗೆದ್ದಳು. "ಅವಳದ್ದು ಲಿವರ್ ಮುರೀತು, ಅದು ಗ್ರಹಚಾರ. ನಮ್ಮದು ಗ್ರಹಚಾರ ಅಲ್ಲ, ಮೂವತ್ತು ಗ್ರಾಂ ದುರಾಸೆ" ಅಂತ ಸೇರಿಸಿದರಂತೆ, ಯಜಮಾನರ ಕಡೆ ನೋಡದೆ.

ನನ್ನನ್ನು ಕೇಳಿದರೆ ಮೇಷ್ಟ್ರದ್ದೂ ತಪ್ಪಿದೆ. ಮೂವತ್ತು ಗ್ರಾಂ ಯಾಕೆ ಬೇಕು ಅಂತ ಆ ಹುಡುಗಿಗೆ ಬಿಡಿಸಿ ಹೇಳಬೇಕಿತ್ತು. ಚಳಿಗೆ, ಸೆಕೆಗೆ, ಬಸ್ಸಿನ ಕುಲುಕಾಟಕ್ಕೆ ಸ್ಪ್ರಿಂಗೂ ತಿರುಪೂ ಒಂದಿಷ್ಟು ಅತ್ತಿತ್ತ ಆಗುತ್ತವೆ. ದೇವರ ಪಾಲು ಅಂದರೆ ಈಗಿನ ಮಕ್ಕಳು ಕೇಳುತ್ತಾರೆಯೇ?

ಈಗ ಹುಡುಗಿಯ ಪೆಟ್ಟಿಗೆಯಲ್ಲಿ ಮುದ್ರೆಯಿರುವ ಹೊಸ 500 ಗ್ರಾಂ ಹಿತ್ತಾಳೆ ಬಟ್ಟಿದೆ. ಗ್ರಿಪ್ಪಿನ ಹೆಬ್ಬೆರಳ ತಗ್ಗನ್ನು ಉಸ್ತಾದರು ಇನ್ನೊಮ್ಮೆ ತಿದ್ದಿಕೊಟ್ಟಿದ್ದಾರೆ, ಈ ಸಲ ಕೂಲಿ ಬೇಡ ಅಂದರಂತೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವಳು ಮೂಟೆಗಳ ನಡುವೆ ನಿಂತು, ಬಿಳಿ ಗೋಡೆಗೆ ಗುಂಡಿಲ್ಲದ ಪಿಸ್ತೂಲು ಎತ್ತಿ ಅಭ್ಯಾಸ ಮಾಡುತ್ತಾಳೆ.

ಹಳೇ ಬಟ್ಟು ಗಲ್ಲಾಪೆಟ್ಟಿಗೆಯ ಪಕ್ಕ ಬಿಲ್ಲುಗಳ ಮೇಲೆ ಕೂತಿದೆ, ಫ್ಯಾನಿಗೆ ಕಾಗದ ಹಾರಬಾರದು ಅಂತ. ನಾನು ಎದ್ದು ಹೊರಡುವಾಗ ಒಂದು ಅಜ್ಜಿ ಅರ್ಧ ಕಿಲೋ ತೊಗರಿಬೇಳೆಗೆ ಬಂದರು. ಯಜಮಾನರು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದರು. 500 ಅಂತ ಬಂತು. ಕೈ ಇನ್ನೂ ಮೂಟೆಯೊಳಗೇ ಇತ್ತು. ಮತ್ತೊಂದು ಹಿಡಿ ತೆಗೆದು ಮೇಲೆ ಹಾಕಿದರು. 530 ದಾಟಿತು. ಅಜ್ಜಿ ನೋಡಲಿಲ್ಲ.